ರಾಚವ್ವ ಆರಿಸಿದ ಸೀಸದ ಅಚ್ಚು

ಗ್ರಾಂಟ್ ರೋಡಿನ ನಮ್ಮ ಹತ್ಯಾರಗಳ ಅಂಗಡಿ ಅಪ್ಪನ ಕಾಲದ್ದು. ಧಾರವಾಡದಿಂದ ಬಂದು ಅವರು ಹಾಕಿದ ಗಲ್ಲೆಯ ಮೇಲೆ ನಾನು ಕೂತು ಇಪ್ಪತ್ತೆರಡು ವರ್ಷವಾಯಿತು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರಿಗೆ ಸುತ್ತಿಗೆ ಬೇಕೋ ಸ್ಕ್ರೂ ಬೇಕೋ ಹೇಳಬಲ್ಲೆ ಅನ್ನುವ ಜಂಬ ನನಗಿತ್ತು. ಮೊನ್ನೆ ಮೇ ತಿಂಗಳಲ್ಲಿ ರಾಚವ್ವ ಅನ್ನುವಾಕೆ ಬಂದು ಆ ಜಂಬದ ಗಾಳಿ ತೆಗೆದುಹೋದಳು.

ಐವತ್ತು ದಾಟಿದ ಹೆಂಗಸು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಕೆಟ್ಟ ಕುಕ್ಕರಿನ ಹಿಡಿಕೆ ತಂದಿರಬೇಕು ಅಂದುಕೊಂಡು, ಆ ಅಂಗಡಿ ಎದುರಿಗಿದೆ ಎಂದು ಹಿಂದಿಯಲ್ಲಿ ಹೇಳಿದೆ. ಆಕೆ ಗೋಡೆಯ ಮೇಲಿನ ನಮ್ಮಪ್ಪನ ಫೋಟೋ ಕೆಳಗಿನ ಕನ್ನಡ ಅಕ್ಷರ ಓದಿ, ನನ್ನ ಕಡೆ ತಿರುಗಿ ನಕ್ಕಳು.

"ಹಿಂದಿ ಯಾಕ್ರಿ ಸಾವಕಾರ್ರ? ಸೀಸ ಎರಿಯೂ ಅಚ್ಚು ತೋರಸ್ರಿ."

ಸೀಸದ ಅಚ್ಚು ಕೇಳಿಕೊಂಡು ಬರುವವರು ಹೆಚ್ಚಾಗಿ ಕೋಳಿವಾಡೆಯ, ಅಂದರೆ ಬೆಸ್ತರ ಕೇರಿಯ, ಮೀನುಗಾರರು. ಬಲೆಯ ಅಂಚಿಗೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ಅದರಲ್ಲಿ ಎರೆಯುತ್ತಾರೆ. ಆ ಗುಂಡಿನ ಭಾರಕ್ಕೇ ಬಲೆ ನೀರಿನ ತಳ ಮುಟ್ಟುವುದು. ಇಷ್ಟಲಿಂಗ ಕಟ್ಟಿದ, ಮೀನಿನ ವಾಸನೆ ಬಂದರೆ ಸೆರಗು ಮೂಗಿಗೆ ಹೋಗುವ ನಮ್ಮ ಕಡೆಯ ಹೆಂಗಸಿಗೆ ಇದೇನು ಹುಚ್ಚು ಎಂದು ಕೇಳಿಯೂ ಬಿಟ್ಟೆ.

"ಮೀನಾ ತಿನ್ನೂದು ಅವರು, ಗುಂಡು ಮಾಡೂದು ನಾನು. ನಾ ಏನ್ ಬಲಿ ಬೀಸಾಕ ಹೊಂಟೇನೇನ್ರಿ?" ಅಂದಳು.

ಆಮೇಲೆ ಕತೆ ಹೇಳಿದಳು. ಬೈಲಹೊಂಗಲದ ಕಡೆಯವಳು, ಈಗ ಮನೆ ಧಾರಾವಿಯ ಚಾಳಿನಲ್ಲಿ. ಗಂಡ ಗದಿಗೆಪ್ಪ ಮಾಹಿಮಿನ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್. ಅಲ್ಲಿ ಅವನಿಗೆ ಪರಿಚಯವಾದ ಸುಭಾಷ ಎಂಬ ಕೋಳಿ ಜಾತಿಯ ಮೀನುಗಾರನಿಗೆ ಗುಂಡು ಎರೆದುಕೊಡುವವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಮಳೆಗಾಲದಲ್ಲಿ ದೋಣಿ ದಡ ಸೇರಿದಾಗ ಬಲೆ ರಿಪೇರಿ ಆಗಬೇಕು, ಗುಂಡು ಬೇಕೇ ಬೇಕು. ಮರುದಿನ ಬೆಳಿಗ್ಗೆ ಅವನು ಬಂದು ನೋಡುತ್ತಾನೆ. ಇಪ್ಪತ್ತು ಗುಂಡು ಒಂದೇ ತೂಕಕ್ಕೆ ಬಂದರೆ ಅವನ ಓಣಿಯ ಎಲ್ಲ ದೋಣಿಗಳ ಕೆಲಸ ರಾಚವ್ವನಿಗೆ.

"ಬಂತಂದ್ರ ಪವಾಯಿ ಮನಿಗೆಲಸ ಬಿಡತೇನ್ರಿ. ನಾಕ ಮನಿ ಭಾಂಡೆ ತಿಕ್ಕಿ ತಿಕ್ಕಿ ಹನ್ನೊಂದು ವರ್ಷಾತು. ಬರಲಿಲ್ಲಂದ್ರ ಮತ್ತ ಅದ ಬಸ್ಸು, ಅದ ಸಿಂಕು." ಇಷ್ಟು ಹೇಳುವಾಗ ಮಾತ್ರ ಆಕೆಯ ನಗು ನಿಂತಿತ್ತು.

ನಾನು ಎರಡು ಅಚ್ಚು ತೆಗೆದಿಟ್ಟೆ. ಒಂದು ಅಲ್ಯೂಮಿನಿಯಂದು, ಆರು ಗುಳಿ, ಕನ್ನಡಿಯ ಹಾಗೆ ಹೊಳೆಯುವಂಥದು. ಇನ್ನೊಂದು ಬೀಡು ಕಬ್ಬಿಣದ್ದು, ನಾಲ್ಕೇ ಗುಳಿ, ಕರ್ರಗೆ, ಎರಡು ವರ್ಷದಿಂದ ಯಾರೂ ಮುಟ್ಟದ್ದು. ಒಂದು ಸಲಕ್ಕೆ ಆರು ಗುಂಡು ಬರುವಾಗ ನಾಲ್ಕು ಯಾರಿಗೆ ಬೇಕು ಎಂದು ಹೊಳೆಯುವುದನ್ನೇ ಮುಂದೆ ತಳ್ಳಿದೆ. ರಾಚವ್ವ ಅದರ ಎರಡೂ ಹೋಳು ಮುಚ್ಚಿ ಟ್ಯೂಬ್‌ಲೈಟಿಗೆ ಹಿಡಿದಳು. ಸಂದಿಯಲ್ಲಿ ಬೆಳಕಿನ ಗೆರೆ ಕಂಡಿತು. ಕಬ್ಬಿಣದ್ದನ್ನು ಹಿಡಿದಳು, ಕತ್ತಲೆ. ಅಷ್ಟಕ್ಕೂ ಸಮಾಧಾನವಾಗದೆ ಚೀಲ ನನ್ನ ಮುಂದೆ ಇಟ್ಟು ಹೊರಗೆ ಹೋದಳು. ಪಕ್ಕದ ಉಡುಪಿ ಹೋಟೆಲಿನ ಅಡುಗೆಯವ ಐತನಿಂದ ಒಂದು ಮುಷ್ಟಿ ಪೂರಿ ಹಿಟ್ಟು ಇಸಿದುಕೊಂಡು ಬಂದಳು!

ನನ್ನ ಗಲ್ಲೆಯ ಮೇಲೆ ಹಿಟ್ಟು ನಾದಿ, ಗುಳಿಗಳಿಗೆ ತುಂಬಿ, ಅಚ್ಚು ಒತ್ತಿ, ಬಿಚ್ಚಿದಳು. ಅಲ್ಯೂಮಿನಿಯಂ ಅಚ್ಚಿನ ಹಿಟ್ಟು ಗುಳಿಯಲ್ಲೇ ಕಚ್ಚಿ ಕೂತಿತು. ಕೆದಕಿ ತೆಗೆದರೆ ಅರ್ಧ ಗುಂಡು ಒಂದು ಕಡೆ, ಅರ್ಧ ಇನ್ನೊಂದು ಕಡೆ ಸರಿದಿತ್ತು. ಕಬ್ಬಿಣದ ಅಚ್ಚಿಗೆ ಬೆರಳಿನಿಂದ ಒಂದು ತಟ್ಟು ಕೊಟ್ಟಳು, ನಾಲ್ಕೂ ಉದುರಿದವು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಮ್ಮ ಕೆಲಸ ಮರೆತು ನೋಡುತ್ತಿದ್ದರು.

"ಇದನ್ನೆಲ್ಲಿ ಕಲತ್ರಿ ಅಕ್ಕಾರ?" ಎಂದೆ.

"ತವರಮನ್ಯಾಗ್ರಿ. ಗೌರಿ ಹುಣ್ಣಿವಿಗೆ ನಮ್ಮವ್ವ ಊರಿಗೆಲ್ಲಾ ಸಕ್ಕರಿ ಆರತಿ ಎರೀತಿದ್ಲು. ಸಾಗವಾನಿ ಅಚ್ಚು ರಾತ್ರೆಲ್ಲಾ ನೀರಾಗ ನೆನಿಸಿ, ಮುಂಜಾನೆದ್ದು ಕಾದ ಪಾಕ ಹೊಯ್ಯೂದು. ನೆನದ ಅಚ್ಚಿಗೆ ಸಕ್ಕರಿ ಕಚ್ಚಂಗಿಲ್ಲ. ಆನಿ, ನವಿಲು, ತೇರು, ಸೊಂಡಿಲಾ ಮುರೀದಂಗ ತಗೀಬೇಕ್ರಿ ಮತ್ತ!"

ಕಬ್ಬಿಣದ್ದೇ ಆಯಿತು. ನಾನು ಅದನ್ನು ಕಾಗದದಲ್ಲಿ ಸುತ್ತುವ ಹೊತ್ತಿಗೆ ಕೊರಿಯರಿನವನ ಫೋನು ಬಂತು. ನನ್ನ ಪಾರ್ಸಲು ಪುಣೆಗೆ ಹೋಗಿ ಕೂತಿದೆ ಎಂದ. ಸಿಟ್ಟು ನೆತ್ತಿಗೇರಿ ಅವನನ್ನು ಬೈಯುತ್ತಿರುವಾಗ ರಾಚವ್ವ ಏನೋ ಕೇಳಿದಳು. ನಾನು ಕೈ ಬೀಸಿ "ಹೂನ್ರಿ, ಹೂನ್ರಿ" ಅಂದೆ. ಆಕೆ ತಲೆಯಾಡಿಸಿ ಹೋದಳು.

ಮರುದಿನ ಬೆಳಿಗ್ಗೆ ಗೋರೆಗಾಂವಿನ ಮನೆಯಿಂದ ಸ್ಲೋ ಲೋಕಲ್‌ನಲ್ಲಿ ಅಂಗಡಿಗೆ ಬರುತ್ತಿದ್ದೆ. ಕಿಟಕಿಯ ಸೀಟು ಸಿಕ್ಕ ಖುಷಿಯಲ್ಲಿ ಹಿಂದಿನ ದಿನದ ಪೂರಿ ಹಿಟ್ಟು ನೆನೆದು ಒಬ್ಬನೇ ನಗುತ್ತಿದ್ದೆ. ಬಾಂದ್ರಾ ದಾಟುತ್ತಿದ್ದಂತೆ ಆಕೆ ಕೊನೆಗೆ ಕೇಳಿದ್ದು ಏನು ಎಂಬುದು ಒಮ್ಮೆಲೇ ನೆನಪಾಯಿತು. "ಇದನ್ನೂ ರಾತ್ರಿ ನೀರಾಗ ನೆನಿಸಿಡ್ಲೇನ್ರಿ?" ಎಂದು ಕೇಳಿದ್ದಳು.

ಅದಕ್ಕೆ ನಾನು ಹೂಂ ಅಂದಿದ್ದೆ! ಒದ್ದೆ ಅಚ್ಚಿಗೆ ಕಾದ ಸೀಸ ಬಿದ್ದರೆ ನೀರು ಆ ಕ್ಷಣಕ್ಕೆ ಆವಿಯಾಗಿ, ಸೀಸವನ್ನು ಮುಖಕ್ಕೇ ಎರಚುತ್ತದೆ. ಹತ್ಯಾರ ಮಾರುವವನಿಗೆ ಮೊದಲು ಗೊತ್ತಿರಬೇಕಾದ ಮಾತು ಇದು. ಕಣ್ಣು ಹೋದವರನ್ನು ನಾನು ನೋಡಿದ್ದೇನೆ. ಆಕೆಯ ಫೋನ್ ನಂಬರು ನನ್ನ ಹತ್ತಿರ ಇರಲಿಲ್ಲ, ಇದ್ದದ್ದು ಬಿಲ್ಲಿನ ಮೇಲೆ ಬರೆಸಿದ ಚಾಳಿನ ಹೆಸರಷ್ಟೇ. ಮಾಹಿಮಿನಲ್ಲಿ ಇಳಿದು ಓಡಿದೆ. ನಲವತ್ತೆಂಟು ವರ್ಷದ, ಹೊಟ್ಟೆ ಮುಂದಿಟ್ಟುಕೊಂಡ ಮನುಷ್ಯ ತೊಂಬತ್ತಡಿ ರಸ್ತೆಯಲ್ಲಿ ಹಾಗೆ ಓಡುವುದನ್ನು ಕಂಡು ಇಬ್ಬರು "ಚೋರ್ ಕಿಧರ್ ಗಯಾ?" ಎಂದು ನನ್ನ ಜತೆ ಓಡಿದರು.

ಚಾಳಿನ ಬಾಗಿಲಲ್ಲಿ ಕೇಳಿದಾಗ ರಾಚವ್ವ ಟೆರೇಸಿನ ಮೇಲಿದ್ದಾಳೆ ಅಂದರು. ಮೂರು ಮಾಳಿಗೆ ಹೇಗೆ ಹತ್ತಿದೆನೋ ಕಾಣೆ. ಮೇಲಿನ ಮೆಟ್ಟಿಲ ಹತ್ತಿರವೇ ನೀರು ತುಂಬಿದ ಬಕೆಟ್ಟು ಕಂಡಿತು. ಅದರಾಚೆ ಒಲೆಯ ಮೇಲೆ ಸೀಸ ಕರಗಿತ್ತು, ರಾಚವ್ವ ಸೌಟು ಎತ್ತಿದ್ದಳು.

"ಹೊಯ್ಯಬ್ಯಾಡ್ರಿ!" ಎಂದು ಕಿರುಚುತ್ತ ನುಗ್ಗಿದವನ ಕಾಲಿಗೆ ಬಕೆಟ್ಟು ಸಿಕ್ಕಿ ಉರುಳಿತು. ನೀರೆಲ್ಲ ಮೆಟ್ಟಿಲಿಳಿದು, ಚಹಾ ಹಿಡಿದು ಹತ್ತಿ ಬರುತ್ತಿದ್ದ ಗದಿಗೆಪ್ಪನ ಹೊಸ ಬೂಟಿನೊಳಗೆ ಹೋಯಿತು.

ರಾಚವ್ವ ಸೌಟು ಇಳಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೂಗಿಗೆ ಮಾಸ್ಕು, ಕೈಗೆ ದಪ್ಪ ಗವಸು, ಕಾಲಿಗೆ ಗಂಡನ ಹಳೇ ಬೂಟು. ಅಚ್ಚು ಎರಡನೇ ಒಲೆಯ ತವೆಯ ಮೇಲೆ ಒಣಗಿ ಬಿಸಿಯಾಗಿ ಕೂತಿತ್ತು.

"ನೆನಿಸಿದ್ದೆ ಖರೆ. ಮುಂಜಾನೆ ತಗದ್ರ ಕೆಂಪಗ ಜಂಗು ಹತ್ತಿತ್ತು. ಇದು ಕಟಗಿ ಅಲ್ಲ, ಇದರ ರೀತಿ ಬ್ಯಾರೆ ಅನಿಸ್ತು. ಕಾದ ಎಣ್ಣ್ಯಾಗ ಒಂದ್ ಹನಿ ನೀರ ಬಿದ್ರ ಏನಾಗತೈತಿ ಅಂತ ಭಜಿ ಕರಿಯಾಕಿಗೆ ಗೊತ್ತಿಲ್ಲೇನ್ರಿ? ತಿಕ್ಕಿ ಒರಸಿ, ತವಾದ ಮ್ಯಾಲೆ ಇಟ್ಟೆ. ನೀವು ಮಾತ್ರ ಗಿರಾಕಿ ಮಾತು ಕಿವಿಗೊಟ್ಟು ಕೇಳೂದು ಕಲೀರಿ, ಸಾವಕಾರ್ರ."

ನನಗೆ ನಾಚಿಕೆಯೂ ಆಯಿತು, ಅಳುವಷ್ಟು ಸಂತೋಷವೂ ಆಯಿತು. ಕೈ ಮುಗಿದು ತಪ್ಪಾಯಿತು ಅಂದೆ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಸುಭಾಷ ಇದೆಲ್ಲ ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದ. ಅವನ ಮಡಿಲಲ್ಲಿ ಸಣ್ಣ ತಕ್ಕಡಿ ಇತ್ತು.

ಮೊದಲ ನಾಲ್ಕು ಗುಂಡು ಸುಕ್ಕುಸುಕ್ಕಾಗಿ ಬಂದವು. ಸುಭಾಷನ ನಗು ನಿಂತಿತು. "ಭಾಭಿ, ಯೇ ನಹೀ ಚಲೇಗಾ," ಅಂದ. ಗದಿಗೆಪ್ಪ ಒದ್ದೆ ಸಾಕ್ಸಿನಲ್ಲೇ ನಿಂತು ಹೆಂಡತಿಯ ಮುಖ ನೋಡಿದ. ಅಚ್ಚು ಇನ್ನೂ ಕಾಯಬೇಕು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ರಾಚವ್ವ ನಾಲ್ಕನ್ನೂ ಮತ್ತೆ ಕರಗಲು ಹಾಕಿ, ಅಚ್ಚನ್ನು ತವೆಗೆ ಒತ್ತಿಟ್ಟು, ಸೊಂಟಕ್ಕೆ ಕೈ ಕೊಟ್ಟು ಕಾದಳು. ಆಕೆ ಅವಸರ ಮಾಡಲಿಲ್ಲ. ಮಾಡಿದ್ದೆಲ್ಲ ನಾವು ಮೂವರು ಗಂಡಸರು, ಆಯಿತೇ ಆಯಿತೇ ಎಂದು ಕೇಳಿ ಕೇಳಿ.

ಎರಡನೇ ಸಲ ತಟ್ಟಿದಾಗ ಗುಂಡುಗಳು ಟಣ್ಣನೆ ಉದುರಿದವು. ನುಣ್ಣಗಿದ್ದವು, ನಡುವಿನ ತೂತು ನೆಟ್ಟಗಿತ್ತು. ಮತ್ತೆ ನಾಲ್ಕು, ಮತ್ತೆ ನಾಲ್ಕು. ಇಪ್ಪತ್ತಾದ ಮೇಲೆ ಸುಭಾಷ ಒಂದನ್ನು ಒಂದು ತಟ್ಟೆಯಲ್ಲೇ ಬಿಟ್ಟು, ಉಳಿದವನ್ನು ಒಂದೊಂದಾಗಿ ಇನ್ನೊಂದಕ್ಕೆ ಹಾಕುತ್ತ ಹೋದ. ಹತ್ತೊಂಬತ್ತು ಸಲವೂ ಮುಳ್ಳು ನಡುವೆಯೇ ನಿಂತಿತು. ಅವನು ಎದ್ದು, ತನ್ನ ಓಣಿಯ ಹದಿನಾಲ್ಕು ದೋಣಿಗಳ ಹೆಸರು ಹೇಳಿ, ಎಲ್ಲಕ್ಕೂ ನೀವೇ ಗುಂಡು ಕೊಡಬೇಕು ಭಾಭಿ ಅಂದ.

ಗದಿಗೆಪ್ಪ ಕೈಯಲ್ಲಿದ್ದ ಚಹಾವನ್ನು ಹೆಂಡತಿಯ ಬಾಯಿಗೆ ಹಿಡಿಯಲು ಹೋದ. "ತಡೀರಿ, ಸೀಸದ ಕೈ, ಸೀಸದ ಮಾರಿ. ಮೊದಲ ತೊಳಕೋಬೇಕು," ಎಂದು ಆಕೆ ಗದರಿದಳು. ಕೈ ತೊಳೆಯಲು ಹೊರಟವಳು ನಿಂತು, "ಅದಕ್ಕಿಂತ ಮೊದಲ ಪವಾಯಿಗೆ ಫೋನ್ ಹಚ್ರಿ. ಸ್ಪೀಕರ್ ಹಾಕ್ರಿ," ಅಂದಳು.

ಗದಿಗೆಪ್ಪ ಫೋನನ್ನು ಆಕೆಯ ಮುಖದ ಮುಂದೆ ಹಿಡಿದ. ಒಂದನೇ ತಾರೀಖಿನಿಂದ ಕೆಲಸಕ್ಕೆ ಬರುವುದಿಲ್ಲ ಎಂದು ರಾಚವ್ವ ಹಿಂದಿಯಲ್ಲಿ ಹೇಳಿದಳು. ಆ ಕಡೆಯ ಮೇಡಮ್ಮಿಗೆ ನಂಬಿಕೆ ಬರಲಿಲ್ಲ. ಬೇರೆ ಮನೆ ಕೆಲಸ ಸಿಕ್ಕಿರಬೇಕು ಎಂದುಕೊಂಡು, "ಕಿಸ್‌ಕಾ ಘರ್ ಪಕಡಾ ಹೈ?" ಯಾರ ಮನೆ ಹಿಡಿದೆ ಎಂದು ಖಾರವಾಗಿ ಕೇಳಿದರು.

"ಮೇರಾ, ಮೇಡಮ್," ಅಂದಳು ರಾಚವ್ವ.

ಗದಿಗೆಪ್ಪನ ಕಣ್ಣು ತುಂಬಿತ್ತು. ಫೋನ್ ಕಟ್ಟಾದ ಮೇಲೂ ಅವನು ಅದನ್ನು ಹಾಗೇ ಹಿಡಿದು ನಿಂತಿದ್ದ.

"ಅಳಾಕ ಆಮ್ಯಾಲೆ ಅಳೂರಂತ," ಅಂದಳು ರಾಚವ್ವ, "ಇನ್ನ ಮೂರು ಮನಿ ಉಳದಾವ. ಹಚ್ರಿ ಮುಂದಿಂದು."