ಮದುವೆಗೆ ಕರೆಯಲು ಬಂದವರು

‘ನಿಮ್ಗೂ ಕೊಟ್ನಾ ಸಾ?’ ಅಂತ ಆ ಯುವಕ ಕೇಳಿದ. ‘ಇಲ್ಲ’ ಅಂದೆ.

ಕೊಟ್ಟಿದ್ದರು. ಕಾರ್ಡು ನನ್ನ ಬ್ಯಾಗಿನಲ್ಲೇ ಇತ್ತು.

ಮೊದಲಿನಿಂದ ಹೇಳುತ್ತೇನೆ. ಹೋದ ವಾರ ಹನೂರು ಕಡೆಯ ಒಂದು ಹಳ್ಳಿಯ ಬಸ್ ಸ್ಟಾಪಿನಲ್ಲಿ ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದೆ. (ಊರಿನ ಹೆಸರು ಬೇಡ. ಯಾವ ಊರಾದರೂ ಆಗಬಹುದಿತ್ತು.) ಅಲ್ಲಿ ಅರುಳಪ್ಪ ಸಿಕ್ಕರು. ಅಗರದಲ್ಲಿರುವ ನಮ್ಮ ಜಮೀನಿನ ಪಂಪ್‌ಸೆಟ್ ಮೋಟರ್ ಸುಟ್ಟಾಗಲೆಲ್ಲ ತಾಮ್ರದ ತಂತಿ ಸುತ್ತಿ ಕಾಯಿಲ್ ಕಟ್ಟಿಕೊಡುವವರು. ಅಂಗಡಿ ಕೊಳ್ಳೇಗಾಲದಲ್ಲಿ, ಮನೆ ಈ ಕಡೆ. ಮನೆಮಾತು ತಮಿಳು, ವ್ಯವಹಾರವೆಲ್ಲ ಕನ್ನಡ, ಧರ್ಮ ಕ್ರೈಸ್ತ. ಇಷ್ಟು ವರ್ಷದ ಪರಿಚಯದಲ್ಲಿ ಈ ಮೂರನೆಯದು ನಮ್ಮ ಮಾತಿನಲ್ಲಿ ಬಂದದ್ದೇ ಇಲ್ಲ.

ಅವತ್ತು ಅವರ ಮುಖ ಅರಳಿತ್ತು. ಮಗಳ ಮದುವೆ. ಕಾರ್ಡು ಕೊಟ್ಟು, ‘ನಮ್ ಕೋಯಿಲ್ನಲ್ಲೇ ಸಾ, ತಪ್ದೆ ಬರ್ಬೇಕು’ ಅಂದರು. ನನಗೆ ಕಾಯಿಲ್ ಅಂತ ಕೇಳಿಸಿತು. ಮೋಟರ್ ಅಂಗಡಿಯಲ್ಲಿ ಮದುವೆಯೇ ಅಂದೆ. ಇಬ್ಬರೂ ನಕ್ಕೆವು. ಅವರ ಮನೆಯಲ್ಲಿ ಚರ್ಚಿಗೆ ಕೋಯಿಲ್ ಅಂತಲೇ ಅನ್ನುವುದು. ತಮಿಳಿನಲ್ಲಿ ಗುಡಿಗೂ ಅದೇ ಮಾತು.

ಆ ಒಂದು ಮಾತೇ ಎಡವಟ್ಟಾಯಿತು.

ಟೀ ಅಂಗಡಿಯವನಿಗೂ ಕಾರ್ಡು ಕೊಡಲು ಹೋಗಿ, ಕೋಯಿಲ್‌ಗೆ ಬಾ ಅಂತ ಕರೆದರು. ಪಕ್ಕದಲ್ಲಿ ನಾಲ್ವರು ಯುವಕರು ಕೂತಿದ್ದರು. ಯಾವ ದೇವಸ್ಥಾನ ಅಂತ ಕೇಳಿದರು. ಕಾರ್ಡು ಕಿತ್ತುಕೊಂಡರು. ಮೇಲೆ ಶಿಲುಬೆ. ಅಷ್ಟು ಸಾಕಾಯಿತು. ಗುಡಿ ಅಂತ ಸುಳ್ಳು ಹೇಳಿ ಚರ್ಚಿಗೆ ಕರೆಯುತ್ತಾನೆ, ಮತಾಂತರದ ಕರಪತ್ರ ಹಂಚುತ್ತಾನೆ ಅಂತ ಶುರುವಾಯಿತು. ಒಳಗೆ ಏನು ಬರೆದಿದೆ ಅಂತ ತೆರೆದು ನೋಡುವ ತಾಳ್ಮೆ ಯಾರಿಗಿದೆ? ಟೀ ಅಂಗಡಿಯವನು ಬೆನ್ನು ತಿರುಗಿಸಿ ಹಾಲು ಕಾಯಿಸತೊಡಗಿದ.

ಮಗಳ ಮದುವೆ ಕಣ್ರಪ್ಪಾ ಅಂತ ಅರುಳಪ್ಪ ಹೇಳುತ್ತಲೇ ಇದ್ದರು. ಮೊದಲ ಏಟು ಬಿದ್ದಾಗ ನನ್ನ ಕಡೆ ನೋಡಿದರು. ಆಗಲೇ ನಾಲ್ವರಲ್ಲೊಬ್ಬ ನನ್ನತ್ತ ತಿರುಗಿ ಆ ಪ್ರಶ್ನೆ ಕೇಳಿದ್ದು, ನಿಮಗೂ ಕೊಟ್ಟನಾ ಅಂತ.

‘ಹೌದು, ಅದು ಮದುವೆ ಕಾರ್ಡು.’ ಇಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರು ನಾಲ್ವರು, ನಾನೊಬ್ಬ. ವಯಸ್ಸು ಬೇರೆ ಆಯಿತು, ಬಿಪಿ ಇದೆ. (ಕಾರಣಗಳಿಗೇನು ಬರವೇ?) ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ನೋಡಿದಾಗ ಅರುಳಪ್ಪ ನೆಲದ ಮೇಲಿದ್ದರು.

ಭಾನುವಾರ ಅವರ ಮನೆಗೆ ಹೋದೆ. ಬಲಗೈಗೆ ಪ್ಲಾಸ್ಟರ್. ಕಾಯಿಲ್ ಸುತ್ತುವ ಕೈ. ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಹಾಕಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕಂಪ್ಲೇಂಟ್ ಕೊಟ್ಟಿಲ್ಲವಂತೆ. ಗಂಡಿನ ಕಡೆಯವರು ಹೆದರಿದ್ದಾರಂತೆ. ತಮ್ಮೂರಲ್ಲೇ ಹತ್ತು ಜನರ ಎದುರು ಮುಗಿಸಿಬಿಡೋಣ, ಇಲ್ಲಾಂದ್ರೆ ಮದುವೆಯೇ ಬೇಡ ಅಂದಿದ್ದಾರಂತೆ. ಒಳಗೆ ಮಗಳು ಅಳುತ್ತಿದ್ದಳು.

ಅರುಳಪ್ಪ ಒಂದು ಕಥೆ ಹೇಳಿದರು. ಯೇಸು ಹೇಳಿದ್ದು. ರಾಜನೊಬ್ಬ ಮಗನ ಮದುವೆಗೆ ಕರೆಯಲು ಆಳುಗಳನ್ನು ಕಳಿಸುತ್ತಾನೆ. ಜನ ಮದುವೆಗೆ ಬರುವುದಿರಲಿ, ಕರೆಯಲು ಬಂದವರನ್ನೇ ಹಿಡಿದು, ಬಡಿದು, ಕೊಂದುಹಾಕುತ್ತಾರೆ.

ಮಿಷನ್ ಶಾಲೆಯಲ್ಲಿ ಓದಿದ ನಾನೂ ಕೇಳಿದ್ದ ಕಥೆ. ಅವರ ಧರ್ಮಗ್ರಂಥದ ತುಂಬ ಇದೇ ಪಾಡು. ದೇವರ ಮಾತು ತಂದ ಒಬ್ಬನನ್ನು ಕೆಸರಿನ ಬಾವಿಗೆ ಇಳಿಸಿದರು. ಇನ್ನೊಬ್ಬನ ತಲೆ ತಟ್ಟೆಯಲ್ಲಿ ಬಂತು. ಮತ್ತೊಬ್ಬನ ಮಾತು ಕೇಳಲಾರದೆ ಕಿವಿ ಮುಚ್ಚಿಕೊಂಡು ಕಲ್ಲು ಹೊಡೆದರು. ಶಾಲೆಯಲ್ಲಿ ನಾನು ಯಾವಾಗಲೂ ಏಟು ತಿಂದವರ ಪಕ್ಷ. ಕಥೆಯಲ್ಲಿ ಪಕ್ಷ ವಹಿಸುವುದಕ್ಕೆ ಧೈರ್ಯ ಬೇಕೇನು?

ಕಥೆಯ ಮುಂದಿನದು ಮರೆತಿತ್ತು, ರಾಜ ಸುಮ್ಮನಿದ್ದನೇ ಅಂತ ಕೇಳಿದೆ. ಸೈನ್ಯ ಕಳಿಸಿ ಆ ಊರನ್ನೇ ಸುಡಿಸಿದನಂತೆ.

‘ಅವ್ನಿಗೆ ಸೈನ್ಯ ಇತ್ತು ಸಾ. ನಾನು ಮೋಟರ್ ರಿಪೇರಿಯವ್ನು.’

ಹೊರಟಾಗ ರಸ್ತೆವರೆಗೂ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿದರು. ‘ಮದ್ವೆಗೆ ಬರ್ಬೇಡಿ ಸಾ, ನಿಮ್ಗೂ ತೊಂದ್ರೆ. ನಿಮ್ಗೆ ಕಾರ್ಡ್ ಕೊಟ್ಟಿದ್ದೆ ಅಂತ ನಾನು ಯಾರ್ಗೂ ಯೋಳಿಲ್ಲ.’

ಹೊಡೆದ ನಾಲ್ವರಿಗೆ ಅದು ಮದುವೆ ಕಾರ್ಡು ಅಂತ ಗೊತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳೋಣ, ನನಗೆ ಗೊತ್ತಿತ್ತಲ್ಲ?