ಗುಡುಗಪ್ಪನ ನಗುವೂ ಮೇಡಂ ಗಡಿಯಾರವೂ

ಪ್ರಯೋಗಾಲಯದಲ್ಲಿ ಅವನಿಗೆ ಗುಡುಗಪ್ಪ ಎಂದೇ ಹೆಸರು. ನಡೆದರೆ ನೆಲ ಅದುರುತ್ತಿತ್ತು, ಸೀನಿದರೆ ಕಿಟಕಿ. ನಕ್ಕರೆ ಏನೇನು ಅದುರುತ್ತಿತ್ತೋ ಲೆಕ್ಕವಿಲ್ಲ. ನಮ್ಮಂಥ ಸಂಬಳದವರಿಗೆ ಯಾವುದು ಒಗ್ಗುವುದಿಲ್ಲವೋ ಅದೇ ಕೆಲಸ ಸಿಗುವುದು ತಾನೇ? ಇವನಿಗೆ ಸಿಕ್ಕಿದ್ದು ಪರಮಾಣು ಗಡಿಯಾರದ ಕೋಣೆಯಲ್ಲಿ ಸಹಾಯಕನ ಕೆಲಸ.

ಆ ಗಡಿಯಾರಕ್ಕೆ ಮುಳ್ಳಿಲ್ಲ, ಟಿಕ್ ಟಿಕ್ ಇಲ್ಲ. ಉಕ್ಕಿನ ಡಬ್ಬಿಯೊಳಗೆ ಕಣ್ಣಿಗೆ ಕಾಣದ ಪರಮಾಣುಗಳು, ಅವುಗಳ ಮೇಲೆ ಲೇಸರ್ ಬೆಳಕು. ಆ ಬೆಳಕಿನ ಕಂಪನವೇ ಕಾಲದ ಅಳತೆ. ಕೋಟಿಗಟ್ಟಲೆ ವರ್ಷ ಕಳೆದರೂ ಒಂದು ಸೆಕೆಂಡ್ ತಪ್ಪಬಾರದು. ಆದರೆ ಹೊಸ ಅಳಿಯನಿಗಿಂತ ಬೇಗ ಮುನಿಯುತ್ತಿತ್ತು. ಕೋಣೆ ಸ್ವಲ್ಪ ಬಿಸಿಯಾದರೂ, ಯಾರಾದರೂ ಕುರ್ಚಿ ಎಳೆದರೂ ಅದರ ನಡಿಗೆ ತೋರಿಸುವ ಪರದೆಯ ಮೇಲಿನ ನೇರ ಗೆರೆ ಸೊಟ್ಟಗಾಗುತ್ತಿತ್ತು.

ಗುಡುಗಪ್ಪ ಮಾತ್ರ ಮನೆಯಲ್ಲಿ ಅಕ್ಕನ ಮುಂದೆ, "ನಾನಿಲ್ದೆ ಆ ಗಡಿಯಾರ ನಡೆಯೋದೇ ಇಲ್ಲ ಕಣೇ" ಎಂದು ಕೊಚ್ಚಿಕೊಂಡಿದ್ದ. ನಿಜವೆಂದರೆ, ಅವನಿದ್ದರೇ ಅದು ನಡೆಯುತ್ತಿರಲಿಲ್ಲ.

ಒಂದು ದಿನ ಗೆರೆ ಕುಣಿಯಿತು. "ಯಾರದು?" ಎಂದು ಗಡಿಯಾರದ ಉಸ್ತುವಾರಿಯ ವಿಜ್ಞಾನಿ ಮೇಡಂ ಕೇಳುವ ಮೊದಲೇ ಇವನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡಿದ್ದ.

"ನಾನೇ ಮೇಡಂ. ನಗು ತಡ್ಕೊಂಡೆ, ಅಷ್ಟೇ."

"ನೋಡಪ್ಪ, ಇದಕ್ಕೆ ಹೊಸ ಕವಚ ಹಾಕ್ತಿದೀನಿ. ಸದ್ದು, ಬಿಸಿ, ಅದುರಾಟ ಯಾವುದೂ ಒಳಗೆ ಹೋಗಬಾರದು. ಕವಚ ನಿನ್ನನ್ನ ತಡ್ಕೊಂಡ್ರೆ ಲೋಕಾನೇ ತಡ್ಕೊಂಡ ಹಾಗೆ. ತಡ್ಕೊಳ್ಳಲಿಲ್ವೋ, ನೀನು ಗೋದಾಮಿಗೆ."

ಗೋದಾಮು! ಅಲ್ಲಿ ಎ.ಸಿ. ಇಲ್ಲ, ಅಕ್ಕನಿಗೆ ಹೇಳಲು ಮುಖವೂ ಇಲ್ಲ.

ಡಬ್ಬಿಗೆ ತಾಮ್ರದ ಹೊದಿಕೆ, ಮೇಜಿನ ಕಾಲಿಗೆ ರಬ್ಬರ್, ಸುತ್ತಲೂ ದಪ್ಪ ಫೋಮ್ ಬಂದವು. ಪರೀಕ್ಷೆಯ ದಿನ ಗುಡುಗಪ್ಪ ನೆಗೆದ, ಕುರ್ಚಿ ಎಳೆದ, ಕವಚದ ಪಕ್ಕದಲ್ಲೇ ನಿಂತು ಬೆವರಿದ. ಗೆರೆ ಅಲುಗಲಿಲ್ಲ.

"ಈಗ ನಗು," ಎಂದರು ಮೇಡಂ.

ಹಾಳು ನಗು, ಬೇಡವೆಂದಾಗಲೆಲ್ಲ ಬಂದದ್ದು ಬೇಕೆಂದಾಗ ಕೈಕೊಟ್ಟಿತು. "ಹೆ... ಹೆ..." ಎಂದ. ಮೇಕೆಯೂ ಒಪ್ಪದ ದನಿ.

"ಇದು ಲೆಕ್ಕಕ್ಕಿಲ್ಲ. ನಿಜವಾದ ನಗು ಬರೋವರೆಗೂ ಕವಚ ಗೆದ್ದ ಹಾಗಲ್ಲ."

ಕೊನೆಗೆ ಅಕ್ಕನಿಗೆ ಫೋನ್ ಮಾಡಿದ. "ಅಕ್ಕಾ, ಏನಾದ್ರೂ ತಮಾಷೆ ಹೇಳೇ. ನಗದಿದ್ರೆ ನನ್ನನ್ನ ಗೋದಾಮಿಗೆ ಹಾಕ್ತಾರೆ."

"ತಮಾಷೆ ಬೇರೆ ಕೇಡು! ಬೆಳಿಗ್ಗೆ ನೀನು ಬಾಗಿಲು ಎಳೆದ ರಭಸಕ್ಕೆ ಗೋಡೆ ಗಡಿಯಾರ ನಿಮ್ಮ ಭಾವನ ತಲೆ ಮೇಲೆ ಬಿತ್ತು. ತಲೆ ಹಿಡ್ಕೊಂಡು ಕೇಳ್ತಿದಾರೆ, ನಿನ್ನ ಕೈಗೆ ಗಡಿಯಾರ ಕೊಟ್ಟ ಪುಣ್ಯಾತ್ಮರು ಯಾರು ಅಂತ!"

ಗುಡುಗಪ್ಪ ನಕ್ಕ. ಲೋಟ ಉರುಳಿತು, ಪಕ್ಕದ ಕೋಣೆಯವರು ಓಡಿಬಂದರು. ಮೇಡಂ ಕಿವಿ ಮುಚ್ಚಿಕೊಂಡೇ ಪರದೆ ನೋಡಿದರು. ಗೆರೆ ಎಳೆದು ಕಟ್ಟಿದ ದಾರದಂತಿತ್ತು.

"ಗೆದ್ದೆ ಕಣಯ್ಯಾ! ಗೋದಾಮಿಲ್ಲ, ಇಲ್ಲೇ ಇರು. ಹೊಟ್ಟೆ ತುಂಬ ನಗು."

ಗುಡುಗಪ್ಪ ಪರದೆಗೆ ಮೂಗು ತಾಗಿಸಿ ನೋಡಿದ. ಮುಖ ಸಪ್ಪಗಾಯಿತು.

"ಒಂಚೂರೂ ಅಲುಗಲಿಲ್ವಾ ಮೇಡಂ? ಸರಿಯಾಗಿ ನೋಡಿ, ಇನ್ನೊಂದ್ಸಲ ನಗ್ತೀನಿ."