ಯಾರಿಗೂ ಹೇಳಬಾರದ ಆರು ಅಂಕಿ

ಗುಂಡ್ಲುಪೇಟೆಯಲ್ಲಿ ಕೇರಳದ ಬತ್ತೇರಿಗೆ ಹೋಗುವ ಬಸ್ಸು ಹತ್ತಿದಾಗ ಇನ್ನೂ ಚಳಿಯಿತ್ತು. ರಾತ್ರಿಯೆಲ್ಲ ಮುಚ್ಚಿರುವ ಕಾಡಿನ ಗೇಟು ತೆರೆದ ಮೇಲೆ ಹೋಗುವ ಮೊದಲ ಬಸ್ಸುಗಳಲ್ಲಿ ಅದೂ ಒಂದು. ನನ್ನ ಚೀಲದಲ್ಲಿ ಎರಡು ಫೋನುಗಳಿದ್ದವು. ಒಂದು ನನ್ನದು. ಇನ್ನೊಂದು, ಕಳೆದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ ನನ್ನ ತಮ್ಮ ಮಹೇಶನದು. ಅದಕ್ಕೂ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತಿದ್ದೆ. ಅಂಗಡಿಯ ಸಲೀಂ ಯಾಕೆಂದು ಕೇಳಿದವನಲ್ಲ. "ಅಕ್ಕ, ತಮ್ಮನ ನಂಬರಿಗೂ ಹಾಕ್ಲಾ?" ಎನ್ನುತ್ತಿದ್ದ, ಹಾಕುತ್ತಿದ್ದ.

ಮಹೇಶ ವಯನಾಡಿನ ಕೇಣಿಚಿರದ ಆಚೆ ಒಂದು ಸಣ್ಣ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಅಲ್ಲಿಗೆ ಬರುವ ಹಾಡಿಯ ಮಕ್ಕಳು ಮನೆಯಲ್ಲಿ ಆಡುವುದು ನಮ್ಮ ಕನ್ನಡಕ್ಕೆ ಹತ್ತಿರದ ಮಾತು. ಪಾಠವೆಲ್ಲ ಮಲಯಾಳಂನಲ್ಲಿ. ಒಂದನೇ ತರಗತಿಗೆ ಬಂದವರು ತಿಂಗಳುಗಟ್ಟಲೆ ಬಾಯಿ ಬಿಡುತ್ತಿರಲಿಲ್ಲವಂತೆ. ಅವನು ಒಂದೊಂದು ಪಾಠವನ್ನೂ ಮೊದಲು ಅವರ ಮಾತಿನಲ್ಲಿ, ಆಮೇಲೆ ಮಲಯಾಳಂನಲ್ಲಿ ಹೇಳಿ, ಚಿತ್ರ ಸೇರಿಸಿ ವಿಡಿಯೊ ಮಾಡಿದ್ದ. ಅವೆಲ್ಲ ಇಂಟರ್ನೆಟ್ಟಿನಲ್ಲಿ ಅವನ ಹೆಸರಿನ ಖಾತೆಯಲ್ಲಿದ್ದವು. ಶಾಲೆಯ ಹಳೆಯ ಲ್ಯಾಪ್‌ಟಾಪ್ ಕೆಟ್ಟು ಹೊಸದು ಬಂದಾಗ ಅದು ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಅವನ ಜೊತೆಯಲ್ಲೇ ಹೋಗಿತ್ತು. ಬದಲಾಯಿಸಬೇಕೆಂದರೆ ಒಟಿಪಿ ಬರುವುದು ಅವನ ಫೋನಿಗೆ.

ಮುಖ್ಯೋಪಾಧ್ಯಾಯಿನಿ ಲೀಲಾ ಟೀಚರ್ ಫೋನ್ ಮಾಡಿ ಆ ಅಂಕಿ ಕೇಳಿದಾಗಲೆಲ್ಲ ನಾನು ಕಟ್ ಮಾಡಿದ್ದೆ. ಯಾರು ಕೇಳಿದರೂ ಹೇಳಬೇಡಿ ಎಂದು ಬ್ಯಾಂಕಿನಲ್ಲಿ ಬೋರ್ಡೇ ಹಾಕಿದ್ದಾರೆ. ಕೊನೆಗೆ ಅವರು ಮಕ್ಕಳ ನಡುವೆ ಮಹೇಶ ನಿಂತಿದ್ದ ಫೋಟೊ ಕಳಿಸಿ, ಯಾರೂ ಬಳಸದ ಖಾತೆಯಾದ್ದರಿಂದ ಈ ತಿಂಗಳ ಕೊನೆಗೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ಬರೆದರು. ಆಗ ನನಗೆ ಹೆದರಿಕೆಯಾಯಿತು. ಅವನ ದನಿ ಉಳಿದಿದ್ದದ್ದು ಅಲ್ಲಿ ಮಾತ್ರ. ಆದರೂ ಅಂಕಿಯನ್ನು ಫೋನಿನಲ್ಲಿ ಹೇಳಲು ಮನಸ್ಸು ಒಪ್ಪಲಿಲ್ಲ. ನಾನೇ ಹೊರಟೆ.

ಮದ್ದೂರು ಚೆಕ್‌ಪೋಸ್ಟ್ ದಾಟಿದ ಮೇಲೆ ಎರಡೂ ಕಡೆ ಕಾಡು. ರಸ್ತೆ ಬದಿಯಲ್ಲಿ ಒಂದು ಆನೆ ಮಣ್ಣು ಎರಚಿಕೊಳ್ಳುತ್ತ ನಿಂತಿತ್ತು. ಬಸ್ಸಿನವರೆಲ್ಲ ಒಂದೇ ಕಿಟಕಿಗೆ ಮುಗಿಬಿದ್ದರು. ಪೊನ್ಕುಳಿಯ ಗುಡಿ ಬಂದಾಗ ಕಂಡಕ್ಟರು ಕೈ ಮುಗಿದರು, ನಾನೂ ಮುಗಿದೆ. ಫೋನ್ ನೋಡಿದರೆ ರೇಂಜ್ ಇರಲಿಲ್ಲ. ಮುತ್ತಂಗ ಕಳೆದು ಬತ್ತೇರಿಯಲ್ಲಿ ಇಳಿದು ಪುಟ್ಟು-ಕಡಲೆ ತಿಂದು ಚಹಾ ಕುಡಿದೆ. ಅಲ್ಲಿಂದ ಖಾಸಗಿ ಬಸ್ಸಿನಲ್ಲಿ ಕೇಣಿಚಿರಕ್ಕೆ, ಮುಂದೆ ಆಟೊದಲ್ಲಿ ಶಾಲೆಗೆ. ಮಹೇಶ ಪ್ರತಿ ಸಲ ಊರಿಗೆ ಬಂದಾಗ ಈ ದಾರಿಯನ್ನು ವರ್ಣಿಸುತ್ತಿದ್ದ. ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತು ಹೂಂಗುಟ್ಟುತ್ತಿದ್ದೆ.

ಲೀಲಾ ಟೀಚರ್ ಗೇಟಿನಲ್ಲೇ ನಿಂತಿದ್ದರು. ನನ್ನನ್ನು ಅಕ್ಕ ಎಂದು ಕರೆದು, ಮಲಯಾಳಂ ಬೆರೆತ ಕನ್ನಡದಲ್ಲಿ ಕೇಳಿದರು: "ಚೇಚಿ, ನಾನು ಕಳ್ಳಿ ಅಲ್ಲ ಅಂತ ವಿಶ್ವಾಸ ಆಯ್ತಾ?"

"ಶಾಲೆ ನೋಡಿದ ಮೇಲೆ ಆಯ್ತು."

"ಕಳ್ಳಿ ಆಗಿದ್ರೆ ಇಷ್ಟು ಮಕ್ಕಳನ್ನ ಎಲ್ಲಿಂದ ತರ್ಲಿ!"

ಒಡಹುಟ್ಟಿದವರ ಹಾಗೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಒಂದನೇ ತರಗತಿಯ ಮಕ್ಕಳು ಪರದೆಯ ಮುಂದೆ ಸುಮ್ಮನೆ ಕೂತಿದ್ದರು. ಈ ವರ್ಷ ಸೇರಿದವರು, ಮಹೇಶನನ್ನು ಕಂಡವರಲ್ಲ. ಪಾಠಗಳು ಸಿಗದಿದ್ದಾಗ ಟೀಚರ್ ಎಐ ಹತ್ತಿರ ಕನ್ನಡ ಪಾಠ ಮಾಡಿಸಿದ್ದರಂತೆ. ಹಾಕಿ ತೋರಿಸಿದರು. ಚಿತ್ರ ಬಹಳ ಚಂದವಿತ್ತು. "ಪ್ರಿಯ ವಿದ್ಯಾರ್ಥಿಗಳೇ, ಇಂದು ನಾವು ಮಳೆಯ ಕುರಿತು ಅರಿಯೋಣ" ಎಂದಿತು ಒಂದು ಹೆಣ್ಣು ದನಿ.

ಬಾಗಿಲಲ್ಲಿ ನಿಂತಿದ್ದ ಮೂರನೇ ತರಗತಿಯ ಬಿಂದು ನಕ್ಕಳು. "ಇದು ವಾರ್ತೆ ಓದೋ ಅಮ್ಮ!"

"ಚಿತ್ರ ಮಾಡೋಕೆ ಒಳ್ಳೇದು ಕೇಳಿದ್ರಾ," ಎಂದರು ಟೀಚರ್. "ಮಾತು ಮಾತ್ರ ಇವರ ಮನೇದಲ್ಲ."

ಲ್ಯಾಪ್‌ಟಾಪಿಗೆ ಕೇಬಲ್ಲಿನ ಇಂಟರ್ನೆಟ್ ಇತ್ತು. ಫೋನಿಗೆ ಏನೂ ಇರಲಿಲ್ಲ. ಶಾಲೆಯ ಹಿಂದಿನ ದಿಬ್ಬದ ಮೇಲೆ, ಮೆಣಸಿನ ಬಳ್ಳಿ ಹಬ್ಬಿದ ಮರದ ಬುಡದಲ್ಲಿ ಮಾತ್ರ ರೇಂಜ್. ಅಲ್ಲಿ ಹತ್ತಿ ನಿಂತೆ. ಕೆಳಗೆ ಟೀಚರ್ ಲ್ಯಾಪ್‌ಟಾಪಿನಲ್ಲಿ ಒಟಿಪಿ ಕಳಿಸುವ ಬಟನ್ ಒತ್ತಿದರು. ಸಂದೇಶ ಬಂತು. ಚಪ್ಪಲಿ ಜಾರುತ್ತ ಓಡಿ ಕೆಳಗೆ ಬರುವಷ್ಟರಲ್ಲಿ ಅದರ ಸಮಯ ಮುಗಿದಿತ್ತು.

"ಇನ್ನೊಮ್ಮೆ ತಪ್ಪಿದ್ರೆ ಲಾಕ್ ಆಗ್ತದೆ," ಎಂದರು ಟೀಚರ್. ಅವರ ಮುಖದಲ್ಲೂ ನಗು ಇರಲಿಲ್ಲ.

"ಅಮ್ಮಾಯಿ ಓಡೋದು ಬೇಡ," ಎಂದಳು ಬಿಂದು, ನನ್ನನ್ನು ಅತ್ತೆ ಎಂದು ಕರೆಯುತ್ತ. "ನಾವು ನಿಲ್ತೀವಿ." ಯಾರ ಅಪ್ಪಣೆಗೂ ಕಾಯದೆ ದೊಡ್ಡ ಮಕ್ಕಳನ್ನು ದಿಬ್ಬದಿಂದ ಕಿಟಕಿಯವರೆಗೆ ಸಾಲಾಗಿ ನಿಲ್ಲಿಸಿ, ತಾನು ನನ್ನ ಜೊತೆ ಮತ್ತೆ ದಿಬ್ಬ ಹತ್ತಿ ಮರದ ಬುಡದಲ್ಲಿ ನಿಂತಳು. ನಡುವೆ ಯಾರೋ ಕಿಸಕ್ಕೆಂದರು. "ನಗಬೇಡ್ರೋ, ಮಹೇಶ ಮಾಷ್‌ದು ಪಾಠ ಹೋಗ್ತದೆ!" ಎಂದು ಗದರಿದಳು.

ಸಂದೇಶ ಬಂತು. ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಅದರಲ್ಲೇ ಬರೆದಿತ್ತು. ನಾನು ಅದನ್ನು ಇಡೀ ಗುಡ್ಡಕ್ಕೆ ಕೇಳುವ ಹಾಗೆ ಕೂಗಿದೆ. "ಏಳು!" ಬಿಂದು ಕೂಗಿದಳು, ಮುಂದಿನವರು ಕೂಗಿದರು, ಏಳು ಇಳಿಯುತ್ತ ಹೋಯಿತು. ಅದರ ಹಿಂದೆ ಸೊನ್ನೆ, ಅದರ ಹಿಂದೆ ಎರಡು. ಕೊನೆಯ ಅಂಕಿ ಕಿಟಕಿ ತಲುಪಿದ ಮೇಲೆ ಎಲ್ಲರೂ ಆ ಕಡೆಗೇ ನೋಡುತ್ತ ನಿಂತೆವು. ಮರದಲ್ಲಿ ಯಾವುದೋ ಹಕ್ಕಿ ಕೂಗುತ್ತಿತ್ತು.

"ಕಿಟ್ಟಿ!" ಕೆಳಗಿನಿಂದ ಟೀಚರ್ ಮಲಯಾಳಂನಲ್ಲಿ ಕೂಗಿದರು. "ಸಿಕ್ತು ಚೇಚಿ, ಎಲ್ಲಾ ಇದೆ!"

ನಾನು ಮರದ ಬುಡದಲ್ಲೇ ಕೂತುಬಿಟ್ಟೆ. ಬಿಂದು ಕೈ ಕೊಟ್ಟು ಎಬ್ಬಿಸಿದಳು.

ಟೀಚರ್ ಮಳೆಯ ಪಾಠವನ್ನೇ ಹಾಕಿದರು. ಮಹೇಶ ಗಂಟಲು ಸರಿಮಾಡಿಕೊಂಡ. "ಎಲ್ಲಾರೂ ಗಂಜಿ ಉಂಡ್ರಾ?" ಎಂದು ಕೇಳಿ ಸುಮ್ಮನಾದ. ಉತ್ತರಕ್ಕೆಂದು ಅವನು ಬಿಟ್ಟಿದ್ದ ಜಾಗ ಅದು. ದೊಡ್ಡವರು "ಉಂಡ್ವಿ!" ಎಂದು ಕೂಗಿದರು. ಮುಂದೆ ಕೂತಿದ್ದ ಚಿಕ್ಕವರು ಪರದೆಯನ್ನೂ ಅಣ್ಣ-ಅಕ್ಕಂದಿರನ್ನೂ ನೋಡಿದರು. ಅವರಲ್ಲೊಬ್ಬಳು ಬಾಯಿಂದ ಬೆರಳು ತೆಗೆದು, "ನಾ ಉಂಡಿಲ್ಲ," ಎಂದಳು. ಎಲ್ಲರೂ ನಕ್ಕರು. ಅವನು ತೀರಿಕೊಂಡ ಮೇಲೆ ನಾನು ಮೊದಲ ಸಲ ಜೋರಾಗಿ ನಕ್ಕೆ, ಕಣ್ಣೂ ತುಂಬಿತು. ಆ ಮಗುವಿಗೆ ಅಡುಗೆಮನೆಯಿಂದ ಬಾಳೆಹಣ್ಣು ತಂದುಕೊಟ್ಟರು.

ಊಟವಾದ ಮೇಲೆ ಟೀಚರ್ ಪಾಠಗಳನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿಕೊಂಡರು, ಒಂದು ಪಾಠವನ್ನು ನನ್ನ ಫೋನಿಗೂ ಹಾಕಿಕೊಟ್ಟರು. ಖಾತೆಯಲ್ಲಿ ಮಹೇಶನ ನಂಬರ್ ತೆಗೆದು ಶಾಲೆಯ ನಂಬರ್ ಹಾಕಲೇ ಎಂದು ಮೆಲ್ಲಗೆ ಕೇಳಿದರು. ಹಾಕಿ ಎಂದೆ.

ಸಂಜೆ ಅದೇ ಕಾಡಿನ ದಾರಿಯಲ್ಲಿ ವಾಪಸು ಬಂದೆ. ಆನೆ ನಿಂತಿದ್ದ ಕಡೆ ಕೆದರಿದ ಮಣ್ಣು ಮಾತ್ರ ಇತ್ತು. ಗುಂಡ್ಲುಪೇಟೆ ಹತ್ತಿರವಾದಾಗ ಮಹೇಶನ ಫೋನು ಒಮ್ಮೆ ಸದ್ದು ಮಾಡಿತು. ಈ ನಂಬರನ್ನು ಖಾತೆಯಿಂದ ತೆಗೆಯಲಾಗಿದೆ ಎಂಬ ಸಂದೇಶ. ಓದಿ ಚೀಲದಲ್ಲಿಟ್ಟೆ.

ಸಲೀಂ ಅಂಗಡಿ ಇನ್ನೂ ತೆರೆದಿತ್ತು. "ಅಕ್ಕ, ತಿಂಗಳು ಮುಗೀತಾ ಬಂತು. ತಮ್ಮನ ನಂಬರಿಗೆ ಹಾಕ್ಲಾ?"

"ಬೇಡ ಸಲೀಂ," ಎಂದೆ. "ಇನ್ನು ನಂದಕ್ಕೆ ಮಾತ್ರ ಹಾಕು."